ಎರಡನೇ ಸಲ ಹೋದಾಗ ಕೊಳ್ಳಿ: ಗಂಡಸರಿಗೊಂದು ಡಿಸೈನರ್ ಕಲೋನ್ ಆರಿಸುವ ಬಗೆ

ನಮ್ಮ ಅಕ್ಕನ ಮಗನಿಗೆ ಕಳೆದ ವರ್ಷ ವೈಟ್‌ಫೀಲ್ಡ್ ಕಡೆ ಮೊದಲ ಕೆಲಸ ಸಿಕ್ಕಿತು. ಸಂಬಳ ಕೈಗೆ ಬಂದ ವಾರವೇ ಫೋನ್ ಮಾಡಿದ. "ಮಾಮ, ಒಂದು ಒಳ್ಳೇ ಸೆಂಟ್ ತಗೋಬೇಕು. ಯಾವುದು ಬೆಸ್ಟು ಹೇಳಿ, ಈಗ್ಲೇ ಆನ್‌ಲೈನ್‌ನಲ್ಲಿ ಆರ್ಡರ್ ಹಾಕ್ಬಿಡ್ತೀನಿ."

ಯಾವುದು ಬೆಸ್ಟು ಅನ್ನೋದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಹೇಗೆ ಆರಿಸಬೇಕು ಅನ್ನೋದಕ್ಕೆ ಇದೆ. ಅದನ್ನು ಕಲಿಯೋಕೆ ನಾನು ಕಳೆದ ದುಡ್ಡಿನ ಲೆಕ್ಕ ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಅವನಿಗೆ ಆವತ್ತು ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆದಿದ್ದೇನೆ. ಪೂರ್ತಿ ಓದುವ ವ್ಯವಧಾನ ಇಲ್ಲದವರು ಇಷ್ಟು ನೆನಪಿಟ್ಟುಕೊಂಡರೂ ಸಾಕು: ಮೊದಲ ಸಲ ಅಂಗಡಿಗೆ ಹೋದಾಗ ಪರ್ಸ್ ತೆಗೆಯಬೇಡಿ. ಕೈಗೆ ಹಾಕಿಸಿಕೊಂಡು ಮನೆಗೆ ಬನ್ನಿ.

ಪೆಟ್ಟಿಗೆಯ ಮೇಲಿನ ಸಣ್ಣಕ್ಷರ

ಕಲೋನ್ ಅನ್ನುವುದು ಮೂಲದಲ್ಲಿ ಊರಿನ ಹೆಸರು. ಇಟಲಿಯಿಂದ ಬಂದ ಫಾರಿನಾ ಮನೆತನದವರು 1709ರಲ್ಲಿ ಜರ್ಮನಿಯ ಕಲೋನ್ ಪಟ್ಟಣದಲ್ಲಿ ಅಂಗಡಿ ಹಾಕಿದರು. ನಿಂಬೆ, ಕಿತ್ತಳೆ ಜಾತಿಯ ಸಿಪ್ಪೆಯ ಎಣ್ಣೆಗಳಿಂದ ಅಲ್ಲಿ ಮಾಡಿದ ತಿಳಿಯಾದ ಸುಗಂಧಜಲಕ್ಕೆ ಊರಿನ ಹೆಸರೇ ಅಂಟಿಕೊಂಡಿತು. ಹಳೇ ಕಾಲದಲ್ಲಿ ಜ್ವರ ಬಂದವರ ಹಣೆಗೆ ಬಟ್ಟೆ ಅದ್ದಿ ಹಾಕುತ್ತಿದ್ದ ಯೂಡಿಕೊಲೋನ್ ಇದರ ಪೈಕಿಯದೇ. ಈಗ ಮಾತಿನಲ್ಲಿ ಗಂಡಸರ ಸೆಂಟಿಗೆಲ್ಲ ಕಲೋನ್ ಅನ್ನುತ್ತೇವೆ, ಆದರೆ ಪೆಟ್ಟಿಗೆಯ ಮೇಲೆ ಸಣ್ಣದಾಗಿ ಬರೆದಿರುವ ಮಾತಿಗೆ ಅದರದೇ ಅರ್ಥವಿದೆ.

ಬಾಟಲಿಯಲ್ಲಿರುವುದು ಮುಖ್ಯವಾಗಿ ಆಲ್ಕೋಹಾಲು, ಅದರಲ್ಲಿ ಕರಗಿದ ಪರಿಮಳದ ಎಣ್ಣೆ. ಎಣ್ಣೆಯ ಪಾಲು ಓ ದ ಕಲೋನ್‌ನಲ್ಲಿ ಸುಮಾರು ಶೇ. 2ರಿಂದ 5, ಓ ದ ಟಾಯ್ಲೆಟ್‌ನಲ್ಲಿ 5ರಿಂದ 15, ಓ ದ ಪರ್ಫಂನಲ್ಲಿ 15ರಿಂದ 20, ಬರೀ ಪರ್ಫಂ ಎಂದಿದ್ದರೆ ಅದಕ್ಕೂ ಮೇಲೆ. ಅಂಗಡಿಯವರ ಬಾಯಲ್ಲಿ ನಡುವಿನ ಎರಡು ಇಡಿಟಿ, ಇಡಿಪಿ ಆಗಿವೆ. ಇದು ರೂಢಿಯ ಲೆಕ್ಕ, ಕಾನೂನಿನ ಅಳತೆಯಲ್ಲ. ಒಂದು ಕಂಪನಿಯ ಇಡಿಟಿ ಇನ್ನೊಂದರ ಇಡಿಪಿಗಿಂತ ಹೆಚ್ಚು ಹೊತ್ತು ಉಳಿಯಬಹುದು.

ಇಲ್ಲೇ ಬಹಳ ಜನ ಎಡವುವುದು. "ಇಡಿಪಿ ಅಂದ್ರೆ ಅದೇ ಸೆಂಟು, ಸ್ವಲ್ಪ ಸ್ಟ್ರಾಂಗು" ಎಂದುಕೊಂಡು ಕೊಳ್ಳುತ್ತಾರೆ. ಡಿಯೋರ್ ಕಂಪನಿಯ ಸೊವಾಜ್ ನೋಡಿ. 2015ರಲ್ಲಿ ಇಡಿಟಿ ಬಂತು, ಆಮೇಲೆ ಇಡಿಪಿ, ಪರ್ಫಂ, ಎಲಿಕ್ಸಿರ್ ಒಂದೊಂದಾಗಿ ಬಂದವು. ಇಡಿಟಿ ಮೆಣಸಿನ ಹಾಗೆ ಚುರುಕು, ಇಡಿಪಿಯಲ್ಲಿ ವೆನಿಲಾದ ಮೆದುತನ ಸೇರಿದೆ, ಎಲಿಕ್ಸಿರ್ ಅಂತೂ ಮಸಾಲೆ ಡಬ್ಬಿ ಮುಚ್ಚಳ ತೆಗೆದಂತೆ. ಹೆಸರು ಒಂದೇ ಆದ ಅಣ್ಣತಮ್ಮಂದಿರು, ಸ್ವಭಾವ ಬೇರೆ ಬೇರೆ. ಸಾಲದ್ದಕ್ಕೆ ಅದೇ ಕಂಪನಿಯದೇ ಓ ಸೊವಾಜ್ ಅಂತ ಇನ್ನೊಂದಿದೆ. ಅದು 1966ರದು, ಎಡ್ಮಂಡ್ ರುಡ್ನಿಟ್ಸ್ಕಾ ಮಾಡಿದ್ದು, ನಿಂಬೆ ಸಿಪ್ಪೆಯ ಹಳೇ ಸೊಗಸು. ಹೊಸ ಸೊವಾಜ್‌ಗೂ ಇದಕ್ಕೂ ಹೆಸರು ಬಿಟ್ಟರೆ ಹೇಳಿಕೊಳ್ಳುವಂಥ ನೆಂಟಸ್ತಿಕೆ ಇಲ್ಲ. ಗೆಳೆಯನ ಮೈಮೇಲೆ ಇಷ್ಟವಾಯಿತು ಅಂದರೆ ಬರೀ ಹೆಸರು ಕೇಳಿಕೊಂಡು ಬರಬೇಡಿ, ಅವನ ಬಾಟಲಿಯ ಫೋಟೋ ತೆಗೆದುಕೊಳ್ಳಿ.

ಡಿಸೈನರ್ ಎಂದರೆ ಉಡುಪಿನ ಮನೆತನಗಳು ತಮ್ಮ ಹೆಸರಲ್ಲಿ ತರುವ ಸೆಂಟು: ಶನೆಲ್, ಡಿಯೋರ್, ಅರ್ಮಾನಿ, ವರ್ಸಾಚೆ, ಪ್ರಾಡಾ, ಎರ್ಮೆಸ್. ಬಟ್ಟೆ ಹೊಲಿಯುವವರೇ ಸೆಂಟನ್ನೂ ಕಲಸುತ್ತಾರೆ ಅಂತಲ್ಲ. ಶನೆಲ್, ಎರ್ಮೆಸ್ ಥರದವರು ಮನೆಯಲ್ಲೇ ಪರಿಮಳಗಾರರನ್ನು ಇಟ್ಟುಕೊಂಡಿದ್ದಾರೆ. ಅರ್ಮಾನಿ ಹೆಸರಿನ ಸೆಂಟು ತರುವುದು ಲೊರಿಯಾಲ್, ಕೆಲ್ವಿನ್ ಕ್ಲೈನ್‌ನದು ಕೋಟಿ ಕಂಪನಿ. ಇದನ್ನು ಹೇಳಿದ್ದು ಯಾಕೆಂದರೆ, ಶರ್ಟು ಚೆನ್ನಾಗಿದೆ ಅಂತ ಅದೇ ಹೆಸರಿನ ಸೆಂಟೂ ನಿಮಗೆ ಹೊಂದುತ್ತದೆ ಎನ್ನುವ ಹಾಗಿಲ್ಲ.

ಮೂಗಿಗೆ ಮೊದಲು ಭಾಷೆ ಕಲಿಸಿ

ಮಾಲ್‌ನ ಕೌಂಟರಿನಲ್ಲಿ "ಸರ್, ಫ್ರೆಶ್ ಬೇಕಾ, ವುಡಿ ಬೇಕಾ, ಸ್ಪೈಸಿ ಬೇಕಾ" ಎಂದು ಕೇಳಿದಾಗ ನಮ್ಮಲ್ಲಿ ಹೆಚ್ಚಿನವರು ಬೆಬ್ಬೆಬ್ಬೆ ಅನ್ನುತ್ತೇವೆ. ನಮಗೆ ಘಮ ಗೊತ್ತಿಲ್ಲ ಅಂತಲ್ಲ. ಘಮ, ಕಂಪು, ಗಂಧ, ಘಾಟು, ಕಮಟು, ನಾತ ಅಂತ ಬಿಡಿಸಿ ಹೇಳುವ ಭಾಷೆ ನಮ್ಮದು. ಗೊತ್ತಿಲ್ಲದ್ದು ಅವರ ಪರಿಭಾಷೆ ಮಾತ್ರ. ಅದಕ್ಕೇ ನಾನು ಹುಡುಗನಿಗೆ ಮೊದಲು ಹೇಳಿದ್ದು, ಒಂದು ಬೆಳಿಗ್ಗೆ ಕೆ.ಆರ್. ಮಾರ್ಕೆಟ್ ಸುತ್ತಿ ಬಾ ಅಂತ. ಆರು ಗಂಟೆಗೆ ಹೂವಿನ ಸಾಲಿಗೆ ಹೋಗಿ ನಿಂತರೆ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಮಾಲೆ ಕಟ್ಟುವವರ ಹತ್ತಿರ ಮಲ್ಲಿಗೆ, ಮರುಗ, ದವನ, ಪಚ್ಚೆತೆನೆ ಎಲ್ಲಾ ಇರುತ್ತವೆ. ಪಚ್ಚೆತೆನೆಯ ಒಂದು ಎಲೆ ತಿಕ್ಕಿ ಮೂಸಿ. ಒದ್ದೆ ಮಣ್ಣು, ಹಳೇ ಮರದ ಪೆಟ್ಟಿಗೆ ನೆನಪಾಗುವ ಆ ಗಾಢ ವಾಸನೆಯೇ ಸೆಂಟಿನ ಲೋಕದ ಪಚೌಲಿ. ದವನದ ಎಣ್ಣೆ ನಮ್ಮ ದಕ್ಷಿಣದಿಂದಲೇ ಪರದೇಶದ ಸುಗಂಧ ಕಂಪನಿಗಳಿಗೆ ಹೋಗುತ್ತದೆ. ಮಲ್ಲಿಗೆ ಹೆಂಗಸರದು ಅನ್ನುವವರಿಗೊಂದು ಮಾತು: ಮೇಲೆ ಹೇಳಿದ ಓ ಸೊವಾಜ್ ಹೆಸರು ಮಾಡಿದ್ದೇ ಹೆಡಿಯೋನ್ ಎಂಬ ವಸ್ತುವಿನಿಂದ, ಅದು ಮಲ್ಲಿಗೆಯ ಪರಿಮಳದ ಅಣುವಿಗೆ ದಾಯಾದಿ. ಹೂವಿನ ಸಾಲು ದಾಟಿ ಗ್ರಂಧಿಗೆ ಅಂಗಡಿಗೆ ಬಂದರೆ ಲಾವಂಚದ ಬೇರಿನ ಕಟ್ಟು ಸಿಗುತ್ತದೆ. ಅದು ವೆಟಿವರ್. ಗಂಡಸರ ಸೆಂಟುಗಳಲ್ಲಿ ಅದು ಇಲ್ಲದಿರುವುದೇ ಅಪರೂಪ ಅನ್ನಬಹುದು.

ಉಳಿದದ್ದನ್ನು ಹೀಗೆ ಹೊಂದಿಸಿಕೊಳ್ಳಿ. ಬರ್ಗಮಾಟ್ ಎಂದು ಪೆಟ್ಟಿಗೆಯ ಮೇಲೆ ಕಂಡರೆ ಹೇರಳೆಕಾಯಿ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಮೂಗಿಗೆ ಹಾರುವ ಘಮ ನೆನೆಸಿಕೊಳ್ಳಿ. ಹಣ್ಣು ಬೇರೆ, ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದ್ದು, ಆದರೆ ಸ್ವಭಾವ ಅದೇ. ಸೀಡರ್ ಅಂದರೆ ಆಗತಾನೇ ಕೆತ್ತಿದ ಪೆನ್ಸಿಲ್. ಫುಜೇರ್ ಎಂಬ ಕಷ್ಟದ ಹೆಸರಿನ ಗುಂಪಿದೆಯಲ್ಲ, ಲ್ಯಾವೆಂಡರ್ ಮತ್ತು ಒಣಹುಲ್ಲಿನ ಸಿಹಿ ಸೇರಿದ್ದು, ಅದು ಸಲೂನಿನಲ್ಲಿ ಶೇವ್ ಮಾಡಿಸಿ ಎದ್ದಾಗಿನ ಕೆನ್ನೆಯ ವಾಸನೆ. ಅಕ್ವಾಟಿಕ್ ಎಂದರೆ ನೀರಿನ ತಂಪು, ಕಲ್ಲಂಗಡಿ ಕೊಯ್ದ ತಕ್ಷಣದ್ದು. 1988ರ ಡೇವಿಡಾಫ್ ಕೂಲ್ ವಾಟರ್, 1996ರ ಅರ್ಮಾನಿ ಆಕ್ವಾ ದಿ ಜಿಯೋ ಈ ದಾರಿಯವು. ವೆನಿಲಾ, ಟೊಂಕಾ ಬೀಜದ ಸಿಹಿಗೆ ಅಯ್ಯಂಗಾರ್ ಬೇಕರಿ ಮುಂದೆ ಸಂಜೆ ನಾಲ್ಕಕ್ಕೆ ನಿಲ್ಲಿ. ವರ್ಸಾಚೆ ಈರೋಸ್ ಈ ಬೀದಿಯಲ್ಲೇ ಮನೆ ಮಾಡಿದೆ, ಪಕ್ಕದಲ್ಲಿ ಪುದೀನ ಬೆಳೆಸಿಕೊಂಡು. ಈವ್ ಸಾನ್ ಲೊರಾಂ ಕಂಪನಿಯ ಲಾ ನ್ಯೂಯಿ ದ ಲೋಮ್‌ನಲ್ಲಿ ಎದ್ದು ಕಾಣುವುದು ನಮ್ಮ ಏಲಕ್ಕಿ. ಪ್ರಾಡಾ ಲೋಮ್ ಇಸ್ತ್ರಿ ಮಾಡಿದ ಅಂಗಿ, ಒಳ್ಳೇ ಸೋಪು, ತುಸು ಪೌಡರು.

ಶ್ರೀಗಂಧದ ಬಗ್ಗೆ ಎರಡು ಮಾತು ಹೇಳದಿದ್ದರೆ ನಾನು ಈ ಊರಿನವನೇ ಅಲ್ಲ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಶುರುವಾದ ಉದ್ಯಮದಿಂದ ಬಂದ ಮೈಸೂರ್ ಸ್ಯಾಂಡಲ್ ಸೋಪಿನಲ್ಲೇ ನಮ್ಮ ಮೂಗು ಬೆಳೆದದ್ದು. ಹಾಗಾಗಿ ಪೆಟ್ಟಿಗೆಯ ಮೇಲೆ ಸ್ಯಾಂಡಲ್‌ವುಡ್ ಎಂದು ಕಂಡ ಕೂಡಲೇ ಆಸೆಯಾಗುತ್ತದೆ. ಆದರೆ ಅಸಲಿ ಗಂಧದೆಣ್ಣೆ ಈಗ ಅಷ್ಟು ದುಬಾರಿಯಾಗಿರುವುದರಿಂದ ಡಿಸೈನರ್ ಬಾಟಲಿಗಳಲ್ಲಿ ಇರುವುದು ಬಹುಪಾಲು ಪ್ರಯೋಗಾಲಯದಲ್ಲಿ ಮಾಡಿದ ಗಂಧ. ಅದು ಕೆಟ್ಟದ್ದೇನಲ್ಲ, ಆದರೆ ಅಜ್ಜ ಸಾಣೆಕಲ್ಲಿನ ಮೇಲೆ ತೇಯುತ್ತಿದ್ದ ಗಂಧ ಅಲ್ಲ. ಅದನ್ನೇ ಹುಡುಕುವವರು ಹತ್ತು ಸಾವಿರ ಕೊಟ್ಟು ನಿರಾಶರಾಗಬೇಡಿ.

ಈ ಸುತ್ತು ಮುಗಿಸಿ ಮನೆಗೆ ಬಂದ ಮೇಲೆ, ಇಷ್ಟವಾದ ಎರಡು ವಾಸನೆ, ತಲೆನೋವು ಬರಿಸಿದ ಒಂದು ವಾಸನೆ ಬರೆದಿಟ್ಟುಕೊಳ್ಳಿ. ಕೌಂಟರಿನಲ್ಲಿ ಹೇಳಬೇಕಾದ್ದು ಇಷ್ಟೇ.

ನಿಮ್ಮ ದಿನ ಎಂಥದ್ದು

ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಮೇಲಿದೆ. ಮಂಗಳೂರಿನ ಬೆವರು ಇಲ್ಲಿಲ್ಲ, ರಾಯಚೂರಿನ ಉರಿಯೂ ಇಲ್ಲ. ಹಾಗಾಗಿ ವರ್ಷದ ಹೆಚ್ಚಿನ ದಿನ ಯಾವ ಬಗೆಯದ್ದೂ ನಡೆಯುತ್ತದೆ, ಮಾರ್ಚ್‌ನಿಂದ ಮೇ ತನಕ ಬಿಟ್ಟು. ಬಿಸಿಲಿಗೆ ಪರಿಮಳ ಬೇಗ ಆವಿಯಾಗಿ ಒಮ್ಮೆಲೇ ಏಳುತ್ತದೆ. ಸಿಹಿ, ಗಾಢ ಸೆಂಟು ಆ ದಿನಗಳಲ್ಲಿ ನಿಮಗಿಂತ ನಿಮ್ಮ ಪಕ್ಕದವರಿಗೆ ಹಿಂಸೆ. ಡಿಸೆಂಬರಿನ ಸಂಜೆಗೆ ಅದೇ ಸೆಂಟು ಶಾಲಿನ ಹಾಗೆ ಹಿತ.

ಹವೆಗಿಂತ ಹೆಚ್ಚು ನೋಡಬೇಕಾದ್ದು ನೀವು ಎಷ್ಟು ಹೊತ್ತು ಮುಚ್ಚಿದ ಕೋಣೆಯಲ್ಲಿರುತ್ತೀರಿ ಎನ್ನುವುದು. ಕಿಟಕಿ ತೆರೆಯದ ಎ.ಸಿ. ಆಫೀಸು, ಎಂಟು ಜನರ ಮೀಟಿಂಗ್ ಕೋಣೆ, ಕಂಪನಿ ಕ್ಯಾಬು, ಬೆಳಗಿನ ಮೆಟ್ರೋ: ಇಲ್ಲೆಲ್ಲ ನಿಮ್ಮ ಸೆಂಟಿನಿಂದ ತಪ್ಪಿಸಿಕೊಳ್ಳಲು ಎದುರಿನವರಿಗೆ ದಾರಿಯಿಲ್ಲ. ಆಫೀಸಿಗೆ ಸಿಟ್ರಸ್, ಸೋಪಿನಂಥದ್ದು, ಲಾವಂಚದಂಥದ್ದು ಸರಿ. ಬೈಕಿನಲ್ಲಿ ಊರೆಲ್ಲ ಸುತ್ತುವ ಕೆಲಸದವರಿಗೆ ಸ್ವಲ್ಪ ಗಟ್ಟಿಯಾದ್ದೇ ಬೇಕು, ಇಲ್ಲದಿದ್ದರೆ ಸಿಲ್ಕ್ ಬೋರ್ಡ್ ದಾಟುವ ಹೊತ್ತಿಗೆ ಹೊಗೆಯೊಂದೇ ಉಳಿದಿರುತ್ತದೆ. ಮದುವೆ ಮನೆಗೆ ಯಾವುದಾದರೂ ಸರಿ, ಅಲ್ಲಿ ಹೂವು, ಊದುಬತ್ತಿ, ಅಡುಗೆಮನೆಯ ಒಗ್ಗರಣೆ ಮುಂದೆ ನಿಮ್ಮ ಬಾಟಲಿಯ ಆಟ ನಡೆಯುವುದಿಲ್ಲ.

ದುಡ್ಡಿನ ಲೆಕ್ಕ

ಶನೆಲ್, ಡಿಯೋರ್ ಮಟ್ಟದ ನೂರು ಮಿಲಿ ಬಾಟಲಿ ನಮ್ಮಲ್ಲಿ ಹತ್ತು ಸಾವಿರದ ಆಸುಪಾಸಿನಿಂದ ಮೇಲಕ್ಕೆ ಹೋಗುತ್ತದೆ. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ನಿಜ. ಹೀಗೆ ಲೆಕ್ಕ ಹಾಕಿ: ಒಂದು ಸಲ ಒತ್ತಿದರೆ ಹೊರಬರುವುದು ಸುಮಾರು 0.1 ಮಿಲಿ. ಅಂದರೆ ನೂರು ಮಿಲಿಯಲ್ಲಿ ಸಾವಿರ ಸ್ಪ್ರೇ. ಹತ್ತು ಸಾವಿರದ ಬಾಟಲಿ ಸ್ಪ್ರೇಗೆ ಹತ್ತು ರೂಪಾಯಿ, ದಿನಕ್ಕೆ ಮೂರು ಅಂದರೆ ಮೂವತ್ತು, ದರ್ಶಿನಿಯ ಕಾಫಿ ಖರ್ಚಿನ ಸಮ. ದಿನಾ ಹಾಕಿದರೆ ಹನ್ನೊಂದು ತಿಂಗಳು ಬರುತ್ತದೆ.

ಈ ಲೆಕ್ಕದ ಇನ್ನೊಂದು ಮುಖ ಅಂಗಡಿಯವರು ಹೇಳುವುದಿಲ್ಲ. ವಾರಕ್ಕೆ ಎರಡೇ ಸಲ ಹಾಕುವವರಿಗೆ ಅದೇ ಬಾಟಲಿ ಮೂರು ವರ್ಷಕ್ಕೂ ಮೀರುತ್ತದೆ. ಅಷ್ಟರಲ್ಲಿ ಬೇಜಾರೂ ಬಂದಿರುತ್ತದೆ. "ಸರ್, ನೂರು ಮಿಲಿ ತಗೊಂಡ್ರೆ ಮಿಲಿ ಲೆಕ್ಕದಲ್ಲಿ ಲಾಭ" ಎನ್ನುವುದು ಸುಳ್ಳಲ್ಲ, ಆದರೆ ಮುಗಿಯದೆ ಉಳಿದ ಅರ್ಧ ಬಾಟಲಿಯಲ್ಲಿ ಎಂಥ ಲಾಭ? ಮೊದಲ ಬಾಟಲಿ ಐವತ್ತು ಮಿಲಿ ಇರಲಿ, ಮೂವತ್ತು ಸಿಕ್ಕರೆ ಇನ್ನೂ ಒಳ್ಳೆಯದು. ಮೂರ್ನಾಲ್ಕು ಸಾವಿರದೊಳಗೆ ಮುಗಿಸಬೇಕು ಅನ್ನುವವರು ಕೂಲ್ ವಾಟರ್, ಕೆಲ್ವಿನ್ ಕ್ಲೈನ್‌ನ 1994ರ ಸಿಕೆ ಒನ್ ಥರದ ಹಳೇ ಹುಲಿಗಳನ್ನು ನೋಡಿ, ಇವು ಆಗಾಗ ರಿಯಾಯಿತಿಯಲ್ಲೂ ಬರುತ್ತವೆ. ಇನ್ನೂ ಕಡಿಮೆ ಬೇಕೆಂದರೆ ನಮ್ಮೂರಿನಲ್ಲೇ ಕಚೇರಿ ಇರುವ ಟೈಟನ್‌ನವರು 2013ರಲ್ಲಿ ತಂದ ಸ್ಕಿನ್ ಇದೆ. ಅದನ್ನು ಡಿಸೈನರ್ ಅನ್ನಲಿಕ್ಕಾಗದು, ಆದರೆ ದಿನದ ಆಫೀಸಿಗೆ ಯಾರೂ ಮೂಗು ಮುರಿಯುವುದಿಲ್ಲ.

ಪರೀಕ್ಷೆಯ ದಿನ

ಇದು ಮುಖ್ಯ ಹಂತ, ಇದನ್ನು ಅವಸರದಲ್ಲಿ ಮಾಡಬೇಡಿ. ಶನಿವಾರ ಬೆಳಿಗ್ಗೆ ಮಾಲ್ ಬಾಗಿಲು ತೆಗೆದ ಹೊತ್ತಿಗೆ ಹೋಗಿ. ಸಂಜೆ ಹೋದರೆ ಕೌಂಟರಿನ ಸುತ್ತ ನೂರು ಸೆಂಟಿನ ಮೋಡ ಕಟ್ಟಿರುತ್ತದೆ, ಯಾವುದು ಯಾವುದೆಂದು ನಾಯಿಮೂಗಿಗೂ ತಿಳಿಯದು. ಆವತ್ತು ಡಿಯೋಡರೆಂಟು, ಘಮದ ಹೇರ್ ಆಯಿಲು ಬೇಡ. ನೆಗಡಿ ಇದ್ದರೆ ಹೋಗಲೇಬೇಡಿ.

ಮೊದಲು ಕಾಗದದ ಪಟ್ಟಿ. ಪ್ರತಿ ಪಟ್ಟಿಯ ಮೇಲೆ ಸೆಂಟಿನ ಹೆಸರು ಪೆನ್ನಿನಲ್ಲಿ ಬರೆಸಿ, ಆಮೇಲೆ ಸ್ಪ್ರೇ ಹಾಕಿಸಿ. ಅರ್ಧ ನಿಮಿಷ ಆಲ್ಕೋಹಾಲು ಹಾರಲು ಬಿಟ್ಟು, ಮೂಗಿನಿಂದ ಎರಡು ಬೆರಳು ದೂರ ಹಿಡಿದು ಮೂಸಿ. ಐದಾರು ಸಾಕು. ಅದಾದ ಮೇಲೆ ಮೂಗು ದಣಿಯುತ್ತದೆ, ಎಲ್ಲವೂ ಒಂದೇ ಥರ ಕಾಣುತ್ತದೆ. ಆಗ ಕೌಂಟರಿನವರು ಕಾಫಿ ಬೀಜದ ಬಟ್ಟಲು ಮುಂದಿಡುತ್ತಾರೆ. ಕಾಫಿ ನಾಡಿನವನಾಗಿ ನನಗೆ ಅದರ ಮೇಲೆ ಕೋಪವಿಲ್ಲ, ಆದರೆ ಅದೂ ಮೂಗಿಗೆ ಇನ್ನೊಂದು ವಾಸನೆಯೇ. ಹೊರಗೆ ಬಂದು ಗಾಳಿ ತೆಗೆದುಕೊಳ್ಳಿ, ಇಲ್ಲವೇ ನಿಮ್ಮದೇ ಅಂಗಿಯ ತೋಳು ಮೂಸಿ.

ಪಟ್ಟಿಯಲ್ಲಿ ಗೆದ್ದ ಎರಡನ್ನು ಮಾತ್ರ ಮೈಗೆ ಹಾಕಿಸಿ: ಎಡ ಮಣಿಕಟ್ಟಿಗೆ ಒಂದು, ಬಲಕ್ಕೆ ಒಂದು, ಒಂದೊಂದೇ ಸ್ಪ್ರೇ. ಯಾವ ಕೈಗೆ ಯಾವುದು ಅಂತ ಫೋನಿನಲ್ಲಿ ಬರೆದುಕೊಳ್ಳಿ, ಮರೆಯುತ್ತೀರಿ. ಎರಡೂ ಕೈ ಸೇರಿಸಿ ಉಜ್ಜಬೇಡಿ. ಸಿನಿಮಾದವರು ಉಜ್ಜುತ್ತಾರೆ, ನೀವು ಉಜ್ಜಿದರೆ ಎರಡೂ ಬೆರೆತು ಇಡೀ ಪರೀಕ್ಷೆಯೇ ಹಾಳು. ಇನ್ನು ಕೌಂಟರಿನವರಿಗೆ ಥ್ಯಾಂಕ್ಸ್ ಹೇಳಿ ಹೊರಡಿ. "ಸರ್, ಇವತ್ತೇ ಆಫರ್ ಮುಗಿಯುತ್ತೆ" ಅನ್ನುತ್ತಾರೆ. ಮುಗಿಯಲಿ ಬಿಡಿ, ಹಬ್ಬ ಬಂದರೆ ಮತ್ತೆ ಬರುತ್ತೆ.

ಈಗ ನಮ್ಮ ಹುಡುಗನ ಕಥೆಗೆ ಬರುತ್ತೇನೆ. ವೈಟ್‌ಫೀಲ್ಡ್ ರಸ್ತೆಯ ಮಾಲ್‌ನಲ್ಲಿ ಅವನ ಎಡಗೈಗೆ ಸೊವಾಜ್ ಇಡಿಟಿ, ಬಲಗೈಗೆ ಎರ್ಮೆಸ್ ಕಂಪನಿಯ ಟೆರ್ ದೆರ್ಮೆಸ್ ಹಾಕಿಸಿದೆವು. ಎಡಗೈ ಮೂಸಿದವನೇ, "ಮಾಮ, ಇದೇ ಫೈನಲ್" ಅಂದ. ಬಲಗೈ ಮೂಸಿ ಮುಖ ಕಿವುಚಿದ. "ಇದೇನಿದು, ತಾತನ ಕೋಟಿನ ಥರ ಇದೆ."

"ಸುಮ್ನೆ ಬಾರೋ, ಮನೆಗೆ ಹೋಗೋವರೆಗೂ ತೀರ್ಪು ಕೊಡಬೇಡ" ಎಂದು ಎಳೆದುಕೊಂಡು ಬಂದೆ. ಸಿಂಗಯ್ಯನಪಾಳ್ಯದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದೆವು. ಇಂದಿರಾನಗರ ಬರುವ ಹೊತ್ತಿಗೆ ಬಲಗೈಯ ಕಿತ್ತಳೆ ಸಿಪ್ಪೆಯ ಚುರುಕು ಇಳಿದಿತ್ತು. ಎಡಗೈ ಇನ್ನೂ ಜೋರಾಗಿಯೇ ಇತ್ತು, ಎದುರು ಸೀಟಿನ ಅಮ್ಮ ಒಬ್ಬರು ಸೆರಗು ಮೂಗಿಗೆ ಹಿಡಿದದ್ದು ಅದಕ್ಕೋ ಬೇರೆ ಯಾವುದಕ್ಕೋ ತಿಳಿಯದು. ಮೆಜೆಸ್ಟಿಕ್‌ನಲ್ಲಿ ಅರ್ಧ ರೈಲು ಖಾಲಿಯಾದಾಗ ಅವನು ಮತ್ತೆ ಬಲಗೈ ಮೂಸಿದ, ಏನೂ ಹೇಳಲಿಲ್ಲ. ವಿಜಯನಗರದಲ್ಲಿ ಇಳಿಯುವಾಗ ಮತ್ತೊಮ್ಮೆ.

ಆಗಿದ್ದು ಇಷ್ಟೇ. ಯಾವ ಸೆಂಟಾದರೂ ಮೂರು ಪಾಳಿಯಲ್ಲಿ ಕೆಲಸ ಮಾಡುತ್ತದೆ. ಹಗುರ ಅಣುಗಳು, ಸಿಟ್ರಸ್ ಜಾತಿಯವು, ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಹಾರಿಹೋಗುತ್ತವೆ. ಆಮೇಲೆ ಹೂವು, ಮಸಾಲೆಯ ಪಾಳಿ, ಒಂದೆರಡು ಗಂಟೆ. ಕೊನೆಗೆ ಉಳಿಯುವುದು ಮರ, ಬೇರು, ಅಂಬರ್, ಕಸ್ತೂರಿಯಂಥ ಭಾರದವು. ಅಂಗಡಿಯಲ್ಲಿ ನಮಗೆ ಕಾಣುವುದು ಮೊದಲ ಪಾಳಿ, ಅದನ್ನು ಕೊಳ್ಳುವವರನ್ನು ಮರುಳು ಮಾಡಲೆಂದೇ ತಿದ್ದಿ ತೀಡಿರುತ್ತಾರೆ. ನೀವು ದಿನವಿಡೀ ಸಂಸಾರ ಮಾಡಬೇಕಾದ್ದು ಮೂರನೆಯದರ ಜೊತೆ. ಅದಕ್ಕೇ ಕಡೇ ಪಕ್ಷ ನಾಲ್ಕು ಗಂಟೆ ಕಾಯಬೇಕು. ಚರ್ಮದ ಮಾತೂ ಇದೆ: ಒಣಚರ್ಮದವರ ಮೇಲೆ ಬೇಗ ಮಾಯ, ಎಣ್ಣೆಚರ್ಮದವರ ಮೇಲೆ ಹೆಚ್ಚು ಹೊತ್ತು. ಗೆಳೆಯನ ಮೇಲೆ ಎಂಟು ಗಂಟೆ ಉಳಿದದ್ದು ನಿಮ್ಮ ಮೇಲೆ ಮೂರಕ್ಕೆ ಮುಗಿಯಬಹುದು. ಕೈ ಕೆಂಪಾಗಿ ತುರಿಸಿದರೆ ಆ ಸೆಂಟು ಎಷ್ಟೇ ಚೆನ್ನಾಗಿರಲಿ, ಬಿಡಿ.

ಸಂಜೆ ಮನೆಯವರಿಗೆ ಎರಡೂ ಕೈ ಮೂಸಲು ಕೊಡಿ, ಹೆಸರು ಮಾತ್ರ ಹೇಳಬೇಡಿ. ನಿಮ್ಮ ಮೂಗು ಆ ಹೊತ್ತಿಗೆ ಒಗ್ಗಿಹೋಗಿರುತ್ತದೆ, ನಿಮಗೆ ಬರದ ಘಮ ಅವರಿಗೆ ಬರುತ್ತಿರುತ್ತದೆ. ನಮ್ಮಮ್ಮ, ಅವನ ಅಜ್ಜಿ, ಅಕ್ಕಿ ಆರಿಸುತ್ತಾ ಕೂತಿದ್ದರು. ಎಡಗೈ ಮೂಸಿ "ಚೆನ್ನಾಗಿದೆ, ಅಂಗಡಿ ವಾಸನೆ" ಅಂದರು. ಬಲಗೈ ಹಿಡಿದುಕೊಂಡು ಎರಡು ಸಲ ಮೂಸಿ, "ಇದು ಲಾವಂಚ ಕಣೋ. ಬೇಸಿಗೇಲಿ ನಮ್ಮತ್ತೆ ಕುಡಿಯೋ ನೀರಿನ ಮಡಕೆಗೆ ಹಾಕ್ತಿದ್ರು" ಅಂದರು. 2006ರಲ್ಲಿ ಜಾನ್ ಕ್ಲೋದ್ ಎಲೆನಾ ಮಾಡಿದ ಆ ಸೆಂಟಿನ ತಳದಲ್ಲಿ ವೆಟಿವರ್ ಇರುವುದನ್ನು ಪೆಟ್ಟಿಗೆ ಓದದೆ ಕಂಡುಹಿಡಿದವರು ಅವರೊಬ್ಬರೇ.

ಅಸಲಿಯೋ ನಕಲಿಯೋ

ಸೆಂಟಿನಲ್ಲಿ ನಕಲಿ ಮಾಲು ಬಹಳ. ನನಗೆ ಸಿಕ್ಕಿದ್ದು ಒಂದು ಕಾಂಪ್ಲೆಕ್ಸಿನ ನೆಲಮಾಳಿಗೆಯ ಅಂಗಡಿಯಲ್ಲಿ, "ಡ್ಯೂಟಿ ಫ್ರೀ ಪೀಸ್, ನಿಮಗಂತ ಅರ್ಧ ರೇಟು" ಎಂಬ ಮಾತಿಗೆ ಮರುಳಾಗಿ. ಮೊದಲ ಹತ್ತು ನಿಮಿಷ ಥೇಟ್ ಅಸಲಿಯಂತೆಯೇ ಇತ್ತು. ಅರ್ಧ ಗಂಟೆಗೆ ಸ್ಪಿರಿಟ್ ವಾಸನೆ, ಮಧ್ಯಾಹ್ನಕ್ಕೆ ಏನೂ ಇಲ್ಲ, ಬಿಳಿ ಕಾಲರಿನ ಮೇಲೊಂದು ಹಳದಿ ಕಲೆ ಮಾತ್ರ ಉಳಿಯಿತು. ಬಿಲ್ ಕೊಟ್ಟಿರಲಿಲ್ಲ, ಜಗಳ ಆಡೋಕೂ ಬಾಯಿ ಇರಲಿಲ್ಲ.

ನೋಡಬೇಕಾದ್ದು ಇವು. ಕ್ರಮಬದ್ಧವಾಗಿ ಆಮದಾದ ಪೆಟ್ಟಿಗೆಯ ಮೇಲೆ ಒಂದು ಸ್ಟಿಕ್ಕರ್ ಇರಬೇಕು: ಆಮದುದಾರರ ಹೆಸರು, ವಿಳಾಸ, ತಿಂಗಳು, ವರ್ಷ, ಎಲ್ಲಾ ತೆರಿಗೆ ಸೇರಿದ ಎಂಆರ್‌ಪಿ, ದೂರಿಗೆ ಫೋನ್ ಸಂಖ್ಯೆ. ಸ್ಟಿಕ್ಕರ್ ಇಲ್ಲದಿದ್ದರೆ ಮಾಲು ಕಳ್ಳದಾರಿಯಲ್ಲಿ ಬಂದಿದೆ, ಇಲ್ಲವೇ ನಕಲಿ. ಪೆಟ್ಟಿಗೆಯ ತಳದಲ್ಲಿರುವ ಬ್ಯಾಚ್ ಸಂಖ್ಯೆ ಬಾಟಲಿಯ ತಳದಲ್ಲೂ ಅದೇ ಇರಬೇಕು. ಮೇಲಿನ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ, ಮಡಿಕೆ ನೇರವಾಗಿ ಇರಬೇಕು, ಗೋಂದು ಮೆತ್ತಿರಬಾರದು. ಒತ್ತಿದಾಗ ಮಂಜಿನಂತೆ ಹರಡಬೇಕು, ಪಿಚಕಾರಿಯಂತೆ ಹಾರಬಾರದು. ಸೊವಾಜ್, ಬ್ಲೂ ದ ಶನೆಲ್ ಮುಚ್ಚಳದಲ್ಲಿ ಅಯಸ್ಕಾಂತ ಇರುತ್ತದೆ, ಹತ್ತಿರ ತಂದರೆ ತಾನೇ ಟಕ್ ಎಂದು ಕೂರುತ್ತದೆ. ಆದರೆ ನಕಲಿಯವರೂ ಅದನ್ನು ಕಲಿತಿದ್ದಾರೆ, ಅದೊಂದನ್ನೇ ನಂಬಬೇಡಿ. ಆನ್‌ಲೈನ್‌ನಲ್ಲಿ ಕೊಳ್ಳುವವರು ಪುಟದಲ್ಲಿ ಮಾರುವವರ ಹೆಸರು ಯಾರದ್ದೆಂದು ನೋಡಿ, ಪೊಟ್ಟಣ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ಬಿಲ್ ಇದ್ದೂ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಐದು, ಹತ್ತು ಮಿಲಿ ಸಣ್ಣ ಬಾಟಲಿಗೆ ತುಂಬಿಸಿ ಮಾರುವವರೂ ಇದ್ದಾರೆ. ಗುರುತಿನವರಾದರೆ ಪರೀಕ್ಷೆಗೆ ಅದು ಒಳ್ಳೇ ಉಪಾಯ. ಗುರುತಿಲ್ಲದವರಾದರೆ ಒಳಗೇನಿದೆ ಎನ್ನುವುದು ದೇವರಿಗೇ ಗೊತ್ತು.

ಮನೆಗೆ ತಂದ ಮೇಲೆ

ಸ್ನಾನ ಆಗಿ ಮೈ ಒರೆಸಿಕೊಂಡ ಮೇಲೆ, ಚರ್ಮ ಒಣಗಿದ್ದರೆ ವಾಸನೆಯಿಲ್ಲದ ಮಾಯಿಶ್ಚರೈಸರ್ ತುಸು ಸವರಿ, ಒಂದು ಗೇಣು ದೂರದಿಂದ ಹಾಕಿ. ಕುತ್ತಿಗೆಗೆ ಒಂದು, ಎದೆಗೆ ಒಂದು, ಆಫೀಸಿಗೆ ಇಷ್ಟೇ ಸಾಕು. ಹೊರಗಿನ ಸಮಾರಂಭಕ್ಕೆ ಮೂರು, ನಾಲ್ಕು. ಮಧ್ಯಾಹ್ನ ನಿಮಗೆ ಘಮ ಬರುತ್ತಿಲ್ಲ ಅಂತ ಮತ್ತೆ ಹೊಡೆದುಕೊಳ್ಳುವ ಮೊದಲು ಪಕ್ಕದವರನ್ನು ಕೇಳಿ. ರೇಷ್ಮೆ ಪಂಚೆ, ಬಿಳಿ ಅಂಗಿಯ ಮೇಲೆ ನೇರ ಹೊಡೆಯಬೇಡಿ, ಕಲೆ ಬೀಳುತ್ತದೆ. ದೇವರ ಮನೆಯಲ್ಲಿ ದೀಪ ಹಚ್ಚುವ ಮುಂಚೆ, ಗ್ಯಾಸ್ ಒಲೆಯ ಹತ್ತಿರ ಅಂತೂ ಬೇಡವೇ ಬೇಡ, ಅದು ಆಲ್ಕೋಹಾಲು, ಹೊತ್ತಿಕೊಳ್ಳುತ್ತದೆ.

ಬಾಟಲಿಯನ್ನು ಬಚ್ಚಲುಮನೆಯ ಕನ್ನಡಿ ಮುಂದೆ ಸಾಲಾಗಿ ಇಡುವುದು ನೋಡಲು ಚೆಂದ, ಸೆಂಟಿಗೆ ಕೇಡು. ಗೀಜರಿನ ಸೆಕೆ, ಬೆಳಕು ಎರಡೂ ಅದನ್ನು ಕೆಡಿಸುತ್ತವೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಇನ್ನೂ ಕೆಟ್ಟ ಜಾಗ. ಬೀರುವಿನೊಳಗೆ, ಅದರದೇ ಪೆಟ್ಟಿಗೆಯಲ್ಲಿ ಇಟ್ಟರೆ ಮೂರರಿಂದ ಐದು ವರ್ಷ ಏನೂ ಆಗುವುದಿಲ್ಲ. ಬಣ್ಣ ಕಂದಿ, ಮೊದಲ ಘಮ ಹುಳಿಯಾಗಿದ್ದರೆ ಅದರ ಕಾಲ ಮುಗಿಯಿತು. ಅಂತರರಾಷ್ಟ್ರೀಯ ವಿಮಾನಕ್ಕೆ ಕೈಚೀಲದಲ್ಲಿ ಒಯ್ಯುವುದಾದರೆ ಬಾಟಲಿ ನೂರು ಮಿಲಿ ಮೀರಬಾರದು.

ಹುಡುಗ ಮುಂದಿನ ಶನಿವಾರ ಒಬ್ಬನೇ ಅದೇ ಕೌಂಟರಿಗೆ ಹೋದ. ಆಫರ್ ಇನ್ನೂ ಇತ್ತಂತೆ. ಟೆರ್ ದೆರ್ಮೆಸ್ ಇಡಿಟಿ, ಐವತ್ತು ಮಿಲಿ. ಬಿಲ್ಲನ್ನು ಪೆಟ್ಟಿಗೆಯೊಳಗೇ ಮಡಿಚಿಟ್ಟಿದ್ದಾನೆ. ಸೊವಾಜ್ ಮೇಲಿನ ಆಸೆ ಹೋಗಿಲ್ಲ, ಅದನ್ನು ದೀಪಾವಳಿ ಬೋನಸ್ಸಿಗೆ ಅಂತ ಇಟ್ಟುಕೊಂಡಿದ್ದಾನೆ. ಅಜ್ಜಿ ಮಾತ್ರ ಅವನು ಆಫೀಸಿಗೆ ಹೊರಡುವಾಗ ದಿನಾ ಒಂದು ಸಲ ಕರೆದು ಬಲಗೈ ಮೂಸುತ್ತಾರೆ.